ಪ್ಲಾಸ್ಟರ್ ಬಿಚ್ಚಿದ ಮೇಲೆ

"ಅಮ್ಮಾ, ಇದು ನನ್ನ ಕಾಲಲ್ಲ!"

ಪ್ಲಾಸ್ಟರ್ ಕತ್ತರಿಸಿ ತೆಗೆದಾಗ ನಮ್ಮ ಪುಟ್ಟಿ ಆಡಿದ ಮೊದಲ ಮಾತಿದು. ನಿಜ ಹೇಳಬೇಕೆಂದರೆ ನನಗೂ ಆ ಕಾಲುಗಳ ಗುರುತು ಸಿಗಲಿಲ್ಲ. ಮೀನಖಂಡ ಸೊರಗಿ ಕಡ್ಡಿಯಾಗಿತ್ತು. ಚರ್ಮ ಹಳದಿಗಟ್ಟಿ ಹೊಟ್ಟಿನಂತೆ ಏಳುತ್ತಿತ್ತು. ಮೇಲೆ ಕಪ್ಪು ಕೂದಲು, ಜೊತೆಗೆ ಒಂಥರಾ ಮುಗ್ಗಲು ವಾಸನೆ. ಆರು ವಾರ ಗಾಳಿ ನೀರು ಕಾಣದ ಕಾಲು ಹಾಗೇ ಇರುತ್ತದಂತೆ. ಮೊದಲೇ ಯಾರಾದರೂ ಹೇಳಿದ್ದರೆ ನಾನು ಅಷ್ಟು ಗಾಬರಿಯಾಗುತ್ತಿರಲಿಲ್ಲ, ನನ್ನ ಮುಖ ನೋಡಿ ಮಗುವೂ ಅಳುತ್ತಿರಲಿಲ್ಲ. ನಿಮಗೆ ಹೇಳಲೆಂದೇ ಈ ಬರಹ.

ಪುಟ್ಟಿ ಏಳು ತಿಂಗಳಿಗೇ ಹುಟ್ಟಿದವಳು. ನಡೆಯಲು ಕಲಿತಾಗ ತುದಿಗಾಲಲ್ಲೇ ನಡೆದಳು. ಬಚ್ಚಲಿಂದ ಒದ್ದೆ ಕಾಲಲ್ಲಿ ಬಂದರೆ ನಮ್ಮ ಕೆಂಪು ನೆಲದ ಮೇಲೆ ಬೆರಳುಗಳ ಗುರುತು ಮಾತ್ರ ಮೂಡುತ್ತಿತ್ತು, ಹಿಮ್ಮಡಿಯದು ಇಲ್ಲವೇ ಇಲ್ಲ. "ಎಷ್ಟು ಚೆನ್ನಾಗಿ ಕುಣಿದ ಹಾಗೆ ನಡೀತಾಳೆ" ಎಂದು ನಾವೇ ನಕ್ಕಿದ್ದುಂಟು. ಅದು ಸೆರೆಬ್ರಲ್ ಪಾಲ್ಸಿ ಎಂದು ತಿಳಿದದ್ದು ಆಮೇಲೆ. ತೊಂದರೆ ಇರುವುದು ಕಾಲಲ್ಲಲ್ಲ. ಕಾಲಿನ ಸ್ನಾಯುಗಳಿಗೆ ಅಪ್ಪಣೆ ಕೊಡುವ ಮೆದುಳಿನ ಭಾಗಕ್ಕೆ ಮೊದಲೇ ಪೆಟ್ಟಾಗಿರುವುದರಿಂದ ಸ್ನಾಯು ಸದಾ ಬಿಗಿದುಕೊಂಡೇ ಇರುತ್ತದೆ. ಅವಳಿಗೆ ಐದು ತುಂಬಿದಾಗ ಹಿಮ್ಮಡಿಯ ಹಿಂದೆ ಹಗ್ಗದಂತಿರುವ ಸ್ನಾಯುರಜ್ಜುವನ್ನು (ನಾವೆಲ್ಲ ನರ ಅಂತಲೇ ಕರೆಯೋದು) ಉದ್ದ ಮಾಡುವ ಶಸ್ತ್ರಚಿಕಿತ್ಸೆ ಮಾಡಿದರು. ಆಮೇಲೆ ಆರು ವಾರ ಎರಡೂ ಕಾಲಿಗೆ ಪ್ಲಾಸ್ಟರ್.

ಪ್ಲಾಸ್ಟರ್ ಕತ್ತರಿಸುವ ಗರಗಸದ ವಿಷಯ ಮೊದಲು ಹೇಳಿಬಿಡುತ್ತೇನೆ. ಅದರ ಸದ್ದಿಗೇ ಮಕ್ಕಳು ಅರ್ಧ ಹೆದರುತ್ತಾರೆ. 1940ರ ದಶಕದಲ್ಲಿ ಅಮೆರಿಕದ ಮೂಳೆ ವೈದ್ಯ ಹೋಮರ್ ಸ್ಟ್ರೈಕರ್ ರೂಪಿಸಿದ ಉಪಕರಣ ಇದು. ಇದರ ಅಲಗು ಮರದ ಮಿಲ್ಲಿನ ಗರಗಸದಂತೆ ಸುತ್ತುವುದಿಲ್ಲ, ನಿಂತಲ್ಲೇ ಅತ್ತಿತ್ತ ಬಹಳ ವೇಗವಾಗಿ ಅದುರುತ್ತದೆ. ಗಟ್ಟಿ ಪ್ಲಾಸ್ಟರ್ ಕತ್ತರಿಸಿಹೋಗುತ್ತದೆ, ಮೆತ್ತನೆಯ ಚರ್ಮ ಅಲಗಿನ ಜೊತೆಗೇ ಅಲುಗುವುದರಿಂದ ಸಾಮಾನ್ಯವಾಗಿ ಗಾಯವಾಗುವುದಿಲ್ಲ. ಆದರೆ ಅಲಗು ಬಿಸಿಯಾಗುತ್ತದೆ. ಮಗು "ಸುಡ್ತಾ ಇದೆ" ಅಂದರೆ ಸುಮ್ಮನಿರು ಅನ್ನಬೇಡಿ, ಸ್ವಲ್ಪ ನಿಲ್ಲಿಸಲು ಕೇಳಿಕೊಳ್ಳಿ. ಹಿಂದಿನ ದಿನವೇ ಮನೆಯಲ್ಲಿ ಮಿಕ್ಸಿ ಓಡಿಸಿ "ನಾಳೆ ಹೀಗೇ ಜೋರು ಸದ್ದು, ಕಾಲಿಗೆ ಗುಳುಗುಳು" ಎಂದು ಹೇಳಿಡಿ. ಕಿವಿಗೆ ಹತ್ತಿ ಇಟ್ಟರೂ ಆದೀತು. "ಏನೂ ಆಗಲ್ಲ" ಎಂಬ ಸುಳ್ಳು ಮಾತ್ರ ಬೇಡ. ಒಂದು ಸಲ ನಂಬಿಕೆ ಕೆಟ್ಟರೆ ಮುಂದಿನ ಆರು ತಿಂಗಳು ಅದರ ಫಲ ಉಣ್ಣುವವರು ನಾವೇ!

ನಾನು ಮಾಡಿದ ತಪ್ಪು ಬೇರೆಯದು. "ಪ್ಲಾಸ್ಟರ್ ಬಿಚ್ಚಿದ ದಿನ ನೀನು ಓಡಿಕೊಂಡೇ ಮನೆಗೆ ಬರ್ತೀಯ" ಎಂದು ಮಗುವಿಗೆ ಆಸೆ ಹುಟ್ಟಿಸಿದ್ದೆ. ಓಡುವುದಿರಲಿ, ನಾಲ್ಕು ದಿನ ಅವಳು ಪಾದ ನೆಲಕ್ಕೆ ತಾಕಿಸಲಿಲ್ಲ. ಮುಟ್ಟಿದರೆ ಕಿರುಚಾಟ. ಸಂಕ್ರಾಂತಿ ಬಂತು. ಎಳ್ಳು ಬೀರಲು ಓರಗೆಯ ಮಕ್ಕಳೆಲ್ಲ ತಟ್ಟೆ ಹಿಡಿದು ಹೊರಟಾಗ ಇವಳು ಕಿಟಕಿ ಹತ್ತಿರ ಕೂತು ಅತ್ತಳು. ತಡೆಯಲಾರದೆ ಸೊಂಟದ ಮೇಲೆ ಎತ್ತಿಕೊಂಡು ಬೀದಿಯೆಲ್ಲ ಸುತ್ತಿಸಿದೆ. ಅವತ್ತಿನಿಂದ ಅದೇ ರೂಢಿಯಾಯಿತು. ಬಚ್ಚಲಿಗೂ ಎತ್ತಿಕೋ, ಊಟಕ್ಕೂ ಎತ್ತಿಕೋ.

ಫಿಸಿಯೋಥೆರಪಿಗೆ ಹೋದಾಗ ಅಲ್ಲಿನ ಹುಡುಗಿ, ನನಗಿಂತ ಹತ್ತು ವರ್ಷ ಚಿಕ್ಕವಳು, ಮೆಲ್ಲಗೆ ಕೇಳಿದಳು: "ಅಕ್ಕಾ, ಹೆದರಿಕೆ ಯಾರಿಗೆ? ಅವಳಿಗೋ ನಿಮಗೋ?" ನನ್ನ ಹತ್ತಿರ ಉತ್ತರವಿರಲಿಲ್ಲ.

ಆಪರೇಷನ್ ಆಗಿಹೋಯಿತು, ಇನ್ನು ವ್ಯಾಯಾಮ ಯಾಕೆ ಅಂತ ನನ್ನಂತೆಯೇ ನಿಮಗೂ ಅನ್ನಿಸಬಹುದು. ಅವಳು ವಿವರಿಸಿದ್ದು ಹೀಗೆ. ಶಸ್ತ್ರಚಿಕಿತ್ಸೆ ಸ್ನಾಯುರಜ್ಜುವನ್ನು ಉದ್ದ ಮಾಡಿತೇ ಹೊರತು ಮೆದುಳಿನಿಂದ ಬರುವ ಬಿಗಿತವನ್ನು ತೆಗೆಯಲಿಲ್ಲ. ಮಗು ಎತ್ತರವಾಗುತ್ತಾ ಹೋದ ಹಾಗೆ ಮೂಳೆ ಬೆಳೆಯುತ್ತದೆ, ಬಿಗಿಯಾದ ಸ್ನಾಯು ಅದೇ ವೇಗದಲ್ಲಿ ಬೆಳೆಯುವುದಿಲ್ಲ. ನಾವು ಕೈಬಿಟ್ಟರೆ ಹಿಮ್ಮಡಿ ಮತ್ತೆ ಮೇಲೇಳಬಹುದು. ಜೊತೆಗೆ ಪ್ಲಾಸ್ಟರಿನೊಳಗೆ ಸೊರಗಿದ ಕಾಲಿಗೆ ಬಲವೂ ಬರಬೇಕು.

ನಮಗೆ ಹೇಳಿಕೊಟ್ಟದ್ದು ದಿನಕ್ಕೆ ಎರಡು ಬಾರಿ, ಹತ್ತತ್ತು ನಿಮಿಷ. ಮಂಡಿ ನೇರವಾಗಿಟ್ಟು, ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು, ಪಾದವನ್ನು ನಿಧಾನವಾಗಿ ಮೇಲಕ್ಕೆ ತಂದು ಮೂವತ್ತು ಎಣಿಸುವವರೆಗೆ ನಿಲ್ಲಿಸುವುದು. ಜಗ್ಗಬಾರದು, ಕುಲುಕಬಾರದು. ನಾನೋ, ಬೇಗ ಗುಣವಾಗಲಿ ಅಂತ ಒಂದು ದಿನ ಹೆಚ್ಚೇ ಒತ್ತಿದೆ. ಮಾರನೆಯ ದಿನ ನಾನು ಟವೆಲ್ ಹಾಸುವುದು ಕಂಡರೆ ಸಾಕು, ಮಗು ಮಂಚದ ಕೆಳಗೆ ತೆವಳಿಹೋಗುತ್ತಿತ್ತು. ಉದ್ದ ಮಾಡಿದ ಸ್ನಾಯುರಜ್ಜುವನ್ನು ಅತಿಯಾಗಿ ಎಳೆದರೆ ಅದು ಸಡಿಲವಾಗಿ ಮಗು ಮಂಡಿ ಬಗ್ಗಿಸಿಕೊಂಡೇ ನಡೆಯುವ ಅಪಾಯವೂ ಇದೆಯಂತೆ. ಹೇಳಿದ್ದಕ್ಕಿಂತ ಹೆಚ್ಚು ಮಾಡುವುದೂ ತಪ್ಪೇ, ತಿಳೀತಾ?

ಮಂಚದ ಕೆಳಗಿಂದ ಅವಳನ್ನು ಹೊರಗೆ ತಂದದ್ದು ಅವಳ ಬೊಂಬೆ. ಬೊಂಬೆಯ ಕಾಲಿಗೆ ಹಳೇ ಸೀರೆಯ ಪಟ್ಟಿ ಸುತ್ತಿದೆವು. ಪುಟ್ಟಿ ಡಾಕ್ಟರಮ್ಮ ಆಗಿ ಪಟ್ಟಿ ಬಿಚ್ಚಿ, "ಅಳಬೇಡ ಮರೀ, ಮೂವತ್ತು ಎಣಿಸ್ತೀನಿ" ಎಂದು ಅದಕ್ಕೆ ವ್ಯಾಯಾಮ ಮಾಡಿಸಿದಳು. ಆಮೇಲೆ ತನ್ನ ಸರದಿ ಬಂದಾಗ ತಾನೇ ಕಾಲು ಚಾಚಿದಳು. "ಸಾಕು" ಅಂದರೆ ನಾನು ತಕ್ಷಣ ಕೈ ಬಿಡಬೇಕು ಎಂಬ ಕರಾರಾಯಿತು. ಮೊದಮೊದಲು ಹತ್ತಕ್ಕೇ "ಸಾಕು" ಅನ್ನುತ್ತಿದ್ದವಳು ಎರಡು ವಾರದಲ್ಲಿ ಮೂವತ್ತು ಮುಟ್ಟಿದಳು.

ಇನ್ನು ನಮ್ಮ ಅತ್ತೆಯವರು. ಬಿಸಿ ಎಣ್ಣೆ ಹಚ್ಚಿ ಗಟ್ಟಿಯಾಗಿ ತಿಕ್ಕಿದರೆ ಎಂಟು ದಿನದಲ್ಲಿ ಸರಿಹೋಗುತ್ತೆ ಅಂತ ಅವರ ವಾದ. ಪ್ರೀತಿಯಿಂದ ಹೇಳುವ ಮಾತೇ, ಆದರೆ ಹೊಸ ಗಾಯದ ಮೇಲೆ, ಬಲವಿಲ್ಲದ ಕಾಲಿನ ಮೇಲೆ ಬಲವಾದ ತಿಕ್ಕಾಟ ಕೂಡದು. ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ಮೆತ್ತನೆ ಬಟ್ಟೆಯಿಂದ ಒತ್ತಿ ಒರೆಸಿ, ಗಾಯ ಪೂರ್ತಿ ಮಾಗಿದ ಮೇಲೆ ಕೊಬ್ಬರಿ ಎಣ್ಣೆ ಸವರಿದರೆ ಒಣ ಚರ್ಮ ತಾನಾಗಿ ಉದುರುತ್ತದೆ. ಉಜ್ಜಿ ಕೀಳಬೇಡಿ. ಅತ್ತೆಯವರಿಗೆ ಇದಕ್ಕಿಂತ ದೊಡ್ಡ ಕೆಲಸ ಸಿಕ್ಕಿತು. ಅವರೆಕಾಯಿಯ ಕಾಲವಲ್ಲವೇ? ಅಡುಗೆಮನೆಯ ಸ್ಟೂಲಿನ ಮೇಲೆ ಮೊರ ಇಟ್ಟು, ಪುಟ್ಟಿಯನ್ನು ಎದುರಿಗೆ ನಿಲ್ಲಿಸಿಕೊಂಡು ಅವರೆಕಾಯಿ ಬಿಡಿಸುತ್ತಾ ಕಥೆ ಹೇಳಿದರು. ನಿಲ್ಲಲಾರೆ ಎಂದವಳು ಕಥೆಯ ಗುಂಗಿನಲ್ಲಿ ಕಾಲು ಗಂಟೆ ನಿಂತಳು. ಗೋಲಿಗಳನ್ನು ಕಾಲ್ಬೆರಳಲ್ಲಿ ಎತ್ತಿ ಬಟ್ಟಲಿಗೆ ಹಾಕುವುದು, ಗಿಡ್ಡ ಮಣೆಯ ಮೇಲೆ ಕೂತು ಏಳುವುದು, ಇವೂ ವ್ಯಾಯಾಮಗಳೇ. ಆಟ ಅಂದುಕೊಂಡೇ ಮಾಡುತ್ತಿದ್ದಳು.

ಪ್ಲಾಸ್ಟಿಕ್ಕಿನ ಸ್ಪ್ಲಿಂಟ್ ಕೊಟ್ಟಿದ್ದರೆ ಒಳಗೆ ಸುಕ್ಕಿಲ್ಲದ ಹತ್ತಿಯ ಕಾಲುಚೀಲ ಹಾಕಿ. ಬಿಚ್ಚಿದಾಗ ಕಂಡ ಕೆಂಪು ಗುರುತು ಅರ್ಧ ಗಂಟೆಯಾದರೂ ಮಾಯದಿದ್ದರೆ ಸ್ಪ್ಲಿಂಟನ್ನು ಸರಿಪಡಿಸಬೇಕು, ಮಗು ಹಟ ಮಾಡುತ್ತಿದೆ ಅಂದುಕೊಳ್ಳಬೇಡಿ. ಸಂಜೆ ಪಾದ ಸ್ವಲ್ಪ ಊದುವುದು, ಕೆಲವು ವಾರ ಕುಂಟುವುದು ಸಹಜ. ಜ್ವರ, ಗಾಯದಿಂದ ಕೀವು, ಮೀನಖಂಡ ಬಿಸಿಯಾಗಿ ಊದುವುದು, ಬೆರಳು ತಣ್ಣಗಾಗಿ ನೀಲಿಯಾಗುವುದು, ದಿನೇ ದಿನೇ ಹೆಚ್ಚುವ ನೋವು, ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಡಾಕ್ಟರ ಬಳಿ ಹೋಗಿ.

ರಾಗಿ ಗಂಜಿ ಕೊಡಿ, ತಪ್ಪದೆ ಕೊಡಿ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಮಿಗೂ ಮೇಲ್ಪಟ್ಟು ಸುಣ್ಣದಂಶವಿದೆ. ಆದರೆ ಗಂಜಿ ಕುಡಿಸಿ ವ್ಯಾಯಾಮ ಬಿಟ್ಟರೆ ಉಪಯೋಗವಿಲ್ಲ.

ಮರದಿಂದ ಬಿದ್ದು ಮೂಳೆ ಮುರಿದ ಮಗುವಿನ ಲೆಕ್ಕ ಬೇರೆ. ಯಾವಾಗ ಎಷ್ಟು ಭಾರ ಹಾಕಬಹುದೆಂದು ನಿಮ್ಮ ಡಾಕ್ಟರನ್ನೇ ಕೇಳಿ, ಪಕ್ಕದ ಮನೆ ಮಗುವಿನ ವ್ಯಾಯಾಮ ನಕಲು ಮಾಡಬೇಡಿ. ಖರ್ಚಿನ ಚಿಂತೆಯಿದ್ದರೆ ಅಂಗನವಾಡಿ ಕಾರ್ಯಕರ್ತೆಯನ್ನು ವಿಚಾರಿಸಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ, ಸರ್ಕಾರಿ ಶಾಲೆಗಳಲ್ಲೇ ಮಕ್ಕಳನ್ನು ತಪಾಸಣೆ ಮಾಡಿ ಜಿಲ್ಲಾ ಮಟ್ಟದ ಕೇಂದ್ರಕ್ಕೆ ಕಳಿಸುತ್ತಾರೆ.

ನಾನು ಎತ್ತಿಕೊಳ್ಳುವುದನ್ನು ಬಿಟ್ಟದ್ದು ಯಾವಾಗ ಅಂತೀರಾ? ಒಂದೇ ದಿನ ಬಿಡಲಾಗಲಿಲ್ಲ. ಮೊದಲು ಹೊಸಿಲಿನಿಂದ ಬಚ್ಚಲಿನವರೆಗೆ ಕೈಹಿಡಿದು ನಡೆಸಿದೆ, ಆಮೇಲೆ ಒಂದು ಬೆರಳು ಕೊಟ್ಟೆ, ಆಮೇಲೆ ಬರೀ ಸೆರಗು. ಬಿದ್ದಳು, ಎರಡು ಸಲ. ಓಡಿಹೋಗಿ ಎತ್ತದಿರಲು ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದೆ.

ಈ ಸಲದ ಗೋಕುಲಾಷ್ಟಮಿಗೆ ಕೃಷ್ಣನ ಹೆಜ್ಜೆ ಬರೆಯಲು ಅತ್ತೆಯವರು ಒಪ್ಪಲಿಲ್ಲ. ಪುಟ್ಟಿಯ ಪಾದಗಳನ್ನೇ ಅಕ್ಕಿಹಿಟ್ಟಿನ ನೀರಿಗೆ ಅದ್ದಿಸಿ, ತಲೆಬಾಗಿಲಿನಿಂದ ದೇವರ ಕೋಣೆಯವರೆಗೆ ನಡೆಸಿದರು. ಬಲಗಾಲಿನ ಹಿಮ್ಮಡಿ ದುಂಡಗೆ ಮೂಡಿತ್ತು. ಎಡಗಾಲಿನದು ಅರ್ಧ. ರಾತ್ರಿ ಸ್ಪ್ಲಿಂಟ್ ಇನ್ನೂ ಹಾಕುತ್ತಿದ್ದೇವೆ, ಎಣಿಕೆಯೂ ನಡೆದೇ ಇದೆ. ಮಾರನೆಯ ದಿನ ನೆಲ ಒರೆಸಲು ಬಕೆಟ್ ತಂದಾಗ ಅತ್ತೆಯವರು ಅಂದರು: "ಇವತ್ತೊಂದು ದಿನ ಇರ್ಲಿ ಬಿಡಮ್ಮ."