ಹೊಸ್ತಿಲು ದಾಟಿದ ಸದ್ದಿಗೆ ತೆರಿಗೆ: ಒಬ್ಬ ಲೆಕ್ಕಿಗನ ಮಿಕ್ಸಿಂಗ್ ಪಾಠ



ಚಾರ್ಟರ್ಡ್ ಅಕೌಂಟೆಂಟ್ ಒಬ್ಬನನ್ನು ವೇದಿಕೆಗೆ ಕರೆದರೆ ಪಿಂಚಣಿ, ತೆರಿಗೆ, ಊರಿನ ಮನೆ ಬಾಡಿಗೆಯ ಲೆಕ್ಕ, ಇಷ್ಟೇ ವಿಷಯ ಎಂದು ತಿಳಿದಿದ್ದವರಿಗೆ ಇವತ್ತು ಸ್ವಲ್ಪ ನಿರಾಸೆಯಾಗಬಹುದು. ತೆರಿಗೆ ಬರುತ್ತದೆ, ಆದರೆ ಹಾಡಿನ ಜೊತೆ ಬರುತ್ತದೆ.

2020ರ ಲಾಕ್‌ಡೌನ್‌ನಲ್ಲಿ ನಮ್ಮ ಗಾಯನ ತಂಡದ ಹನ್ನೆರಡು ಮಂದಿ ಹ್ಯಾರೋ, ಹೌನ್ಸ್ಲೋ, ಕ್ರಾಯ್ಡನ್‌ಗಳ ತಮ್ಮ ತಮ್ಮ ಮನೆಯಲ್ಲೇ ನಿಂತು ಫೋನಿನಲ್ಲಿ ಒಂದು ಭಾವಗೀತೆ ಹಾಡಿ ಕಳಿಸಿದರು. ಅವನ್ನು ಒಂದಾಗಿ ಜೋಡಿಸುವವರು ಯಾರು? "ನಿಮಗೆ ಎಕ್ಸೆಲ್ ಬರುತ್ತಲ್ಲ" ಎಂದು ಕೆಲಸ ನನ್ನ ತಲೆಗೆ ಬಂತು. ಅಂದಿನಿಂದ ಸಂಜೆ ರೈಲಿನಲ್ಲಿ, ರಾತ್ರಿ ಊಟದ ನಂತರ, ಯೂಟ್ಯೂಬಿನ ಪಾಠಗಳೇ ನನ್ನ ಗುರುಕುಲ. ಹೀಗೆ ಕಲಿಯುವಾಗ ಎಲ್ಲರೂ ಹೆಚ್ಚು ಹೊತ್ತು ಸಿಕ್ಕಿಹಾಕಿಕೊಳ್ಳುವ ಜಾಗ ಕಂಪ್ರೆಷನ್. ಇವತ್ತಿನ ಮಾತು ಬಹುಪಾಲು ಅದರ ಬಗ್ಗೆಯೇ.

ಮೊದಲು ಒಂದು ಗೊಂದಲ ಬಗೆಹರಿಸಿಬಿಡೋಣ. ಕಂಪ್ರೆಷನ್ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಕೆಲಸಗಳಿವೆ. ಕಡತವನ್ನು ಚಿಕ್ಕದು ಮಾಡುವುದು ಒಂದು: ಎಂಪಿತ್ರೀ ಮಾಡುವುದು, ವಾಟ್ಸಾಪ್ ನಿಮ್ಮನ್ನು ಕೇಳದೆ ಮಾಡಿಬಿಡುವುದು, ಅದು. ಹಾಡಿನೊಳಗಿನ ಜೋರು ಸದ್ದಿಗೂ ಮೆಲುಸದ್ದಿಗೂ ಇರುವ ಅಂತರವನ್ನು ಕುಗ್ಗಿಸುವುದು ಇನ್ನೊಂದು. ನಾನು ಹೇಳುತ್ತಿರುವುದು ಈ ಎರಡನೆಯದನ್ನು. ಮಿಕ್ಸಿಂಗ್ ಅಂದರೆ ಹಲವು ಧ್ವನಿಗಳ ಮಟ್ಟ ಹೊಂದಿಸುವುದು, ಎಡ-ಬಲಕ್ಕೆ ಹಂಚುವುದು, ಮಂದ್ರ-ತಾರ ತಿದ್ದುವುದು, ಸ್ವಲ್ಪ ಪ್ರತಿಧ್ವನಿ ಕೊಡುವುದು. ಇವುಗಳ ಕೆಲಸ ಕಿವಿಗೆ ತಕ್ಷಣ ಗೊತ್ತಾಗುತ್ತದೆ. ಕಂಪ್ರೆಸರ್ ಮಾತ್ರ ಸರಿಯಾಗಿ ಕೆಲಸ ಮಾಡಿದಾಗ ಕೇಳಿಸುವುದೇ ಇಲ್ಲ. ಅದಕ್ಕೇ ಅದು ಕಷ್ಟ.

ಅಂತರ ಏಕೆ ಕುಗ್ಗಿಸಬೇಕು? ಒಬ್ಬ ಗಾಯಕಿಯ ಪಿಸುದನಿಗೂ ತಾರಸ್ಥಾಯಿಗೂ ಸುಲಭವಾಗಿ 30 ಡೆಸಿಬೆಲ್ ವ್ಯತ್ಯಾಸವಿರುತ್ತದೆ. 20 ಡೆಸಿಬೆಲ್ ಎಂದರೆ ಅಲೆಯ ಎತ್ತರ ಹತ್ತು ಪಟ್ಟು ಎಂದು ನೆನಪಿಡಿ. ಸಭಾಂಗಣದಲ್ಲಿ ಎದುರಿಗೆ ಕೂತರೆ ಆ ಅಂತರವೇ ಸೊಗಸು. ಜುಬಿಲಿ ಲೈನಿನ ಕಿರುಚಾಟದ ನಡುವೆ ಇಯರ್‌ಫೋನಿನಲ್ಲಿ ಕೇಳಿದರೆ ಚರಣದ ಅರ್ಧ ಸಾಲು ಕಾಣೆಯಾಗಿರುತ್ತದೆ.

ಈ ಸಮಸ್ಯೆ ಹಳೆಯದು, ಅದರ ಚರಿತ್ರೆಯ ಒಂದು ಭಾಗ ನಮ್ಮ ಲಂಡನ್ನಿನದೇ. 1902ರಲ್ಲಿ ಲಂಡನ್ನಿನ ಗ್ರಾಮಫೋನ್ ಕಂಪನಿಯ ಪರವಾಗಿ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಹೋಗಿ ಗೌಹರ್ ಜಾನ್ ಅವರ ಹಾಡು ಮುದ್ರಿಸಿಕೊಂಡ. ಮುಂದೆ ಅದೇ ಗೌಹರ್ ಜಾನ್ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಆ ಕಾಲದಲ್ಲಿ ಮೈಕ್ ಇರಲಿಲ್ಲ, ದೊಡ್ಡ ಕೊಂಬಿನೊಳಗೆ ಹಾಡಬೇಕಿತ್ತು. ಧ್ವನಿ ಏರುವಾಗ ಗಾಯಕರು ಹಿಂದೆ ಸರಿಯಬೇಕು, ಇಳಿಯುವಾಗ ಮುಂದೆ ಬಾಗಬೇಕು. ನನ್ನ ಲೆಕ್ಕದಲ್ಲಿ ಅದೇ ಮೊದಲ ಕಂಪ್ರೆಸರ್: ಮನುಷ್ಯನ ಕತ್ತು. 1930ರ ದಶಕದಲ್ಲಿ ರೇಡಿಯೋದವರು ತಮ್ಮ ಪ್ರಸಾರಯಂತ್ರ ಕಾಪಾಡಿಕೊಳ್ಳಲು ಈ ಕೆಲಸವನ್ನು ವಿದ್ಯುತ್ ಉಪಕರಣಕ್ಕೆ ವಹಿಸಿದರು. ನಂತರ ಅದು ಧ್ವನಿಮುದ್ರಣದ ಕೋಣೆಗೆ ಬಂತು.

ಈಗ ಯಂತ್ರದ ಒಳಗೆ ಹೋಗೋಣ. ನಾನು ನೋಡಿದ ಪಾಠಗಳಲ್ಲಿ ಹೆಚ್ಚಿನವು ಥ್ರೆಷೋಲ್ಡ್, ರೇಷಿಯೋ, ಅಟ್ಯಾಕ್, ರಿಲೀಸ್ ಎಂದು ನಾಲ್ಕು ಗುಂಡಿ ತೋರಿಸಿ, ಇಷ್ಟಿಷ್ಟು ತಿರುಗಿಸಿ ಎಂದು ಮುಗಿಸುತ್ತವೆ. ನನಗೆ ಇದು ಅರ್ಥವಾದದ್ದು ನಮ್ಮ ಇನ್‌ಕಮ್ ಟ್ಯಾಕ್ಸಿನಿಂದ.

ಥ್ರೆಷೋಲ್ಡ್ ಅಂದರೆ ಹೊಸ್ತಿಲು. ಇಂಗ್ಲೆಂಡಿನಲ್ಲಿ 40 ಶೇಕಡಾ ತೆರಿಗೆಯ ಹೊಸ್ತಿಲು 50,270 ಪೌಂಡ್. ಸಂಬಳ 60,000 ಆದರೆ 40 ಶೇಕಡಾ ಬೀಳುವುದು ಹೊಸ್ತಿಲು ದಾಟಿದ 9,730 ಪೌಂಡಿಗೆ ಮಾತ್ರ, ಪೂರ್ತಿ ಸಂಬಳಕ್ಕಲ್ಲ. "ಬಡ್ತಿ ಬೇಡ, ಎಲ್ಲಾ ಟ್ಯಾಕ್ಸಿಗೇ ಹೋಗುತ್ತೆ" ಎನ್ನುವ ಗೆಳೆಯರಿಗೆ ಇಪ್ಪತ್ತು ವರ್ಷದಿಂದ ಇದನ್ನೇ ಹೇಳುತ್ತಿದ್ದೇನೆ. ಕಂಪ್ರೆಸರಿನದೂ ಇದೇ ನ್ಯಾಯ. ಹೊಸ್ತಿಲಿನ ಕೆಳಗಿರುವ ಸದ್ದನ್ನು ಅದು ಮುಟ್ಟುವುದಿಲ್ಲ.

ಡಿಜಿಟಲ್ ಲೋಕದಲ್ಲಿ ಸೊನ್ನೆಯೇ ತಾರಸಿ, ಅದಕ್ಕಿಂತ ಮೇಲೆ ಜಾಗವಿಲ್ಲ. ಉಳಿದ ಅಂಕಿಗಳೆಲ್ಲ ಓವರ್‌ಡ್ರಾಫ್ಟ್ ಖಾತೆಯ ಹಾಗೆ ಮೈನಸ್ಸಿನಲ್ಲೇ. ಹೊಸ್ತಿಲನ್ನು ಮೈನಸ್ 20ಕ್ಕೆ, ರೇಷಿಯೋವನ್ನು 4ಕ್ಕೆ 1 ಎಂದು ಇಟ್ಟಿದ್ದೀರಿ ಅನ್ನಿ. ಮೈನಸ್ 8ರಲ್ಲಿ ಒಂದು ಜೋರು ಸ್ವರ ಬಂತು. ಅದು ಹೊಸ್ತಿಲು ದಾಟಿದ್ದು 12 ಡೆಸಿಬೆಲ್. ನಾಲ್ಕಕ್ಕೆ ಒಂದರಂತೆ 3 ಮಾತ್ರ ಉಳಿಯುತ್ತದೆ, ಸ್ವರ ಮೈನಸ್ 17ರಲ್ಲಿ ಹೊರಬರುತ್ತದೆ. 9 ಡೆಸಿಬೆಲ್ ಕಡಿತ, ಅಂದರೆ 75 ಶೇಕಡಾ ತೆರಿಗೆ. ಹೊಸ್ತಿಲು ದಾಟಿದ್ದನ್ನೆಲ್ಲ ಕಿತ್ತುಕೊಂಡರೆ ಅದರ ಹೆಸರು ಲಿಮಿಟರ್.

ಅಟ್ಯಾಕ್ ಅಂದರೆ ತೆರಿಗೆ ಎಷ್ಟು ಬೇಗ ಹಿಡಿಯುತ್ತಾರೆ ಎಂಬುದು. ವೇಗದ ಅಟ್ಯಾಕ್ ನಮ್ಮ ಪೇ-ಯಿ ಪದ್ಧತಿ: ದುಡ್ಡು ಕೈಗೆ ಬರುವ ಮೊದಲೇ ಮುರಿದುಕೊಂಡಿರುತ್ತಾರೆ. ನಿಧಾನದ ಅಟ್ಯಾಕ್ ಸೆಲ್ಫ್ ಅಸೆಸ್‌ಮೆಂಟ್: ಪೂರ್ತಿ ಹಣ ಮೊದಲು ಕೈಗೆ ಬಂದು, ಜನವರಿ 31ಕ್ಕೆ ಕಟ್ಟುವುದು. ರಿಲೀಸ್ ಎಂದರೆ ಸದ್ದು ತಗ್ಗಿದ ಮೇಲೆ ಯಂತ್ರ ಹಿಡಿತ ಸಡಿಲಿಸಲು ತೆಗೆದುಕೊಳ್ಳುವ ಹೊತ್ತು. ಎಚ್‌ಎಮ್‌ಆರ್‌ಸಿಯಿಂದ ರೀಫಂಡಿಗೆ ಕಾದವರಿಗೆ ಇದನ್ನು ವಿವರಿಸಬೇಕಿಲ್ಲ. ವ್ಯತ್ಯಾಸವೆಂದರೆ ಇಲ್ಲಿನ ಲೆಕ್ಕ ಮಿಲಿಸೆಕೆಂಡುಗಳಲ್ಲಿ.

ಹೀಗೆ ಎತ್ತರದ್ದನ್ನು ತಗ್ಗಿಸಿದ ಮೇಲೆ ಇಡೀ ಧ್ವನಿಯನ್ನು ಒಟ್ಟಾಗಿ ಮೇಲೆತ್ತುತ್ತಾರೆ. ಅದಕ್ಕೆ ಮೇಕಪ್ ಗೇನ್ ಎನ್ನುತ್ತಾರೆ. ಪಿಸುದನಿ ಕೇಳಿಸುವುದು ಇದರಿಂದ. ಅಪಾಯ ಇರುವುದೂ ಇಲ್ಲೇ, ಆ ಮಾತಿಗೆ ಆಮೇಲೆ ಬರುತ್ತೇನೆ.

ತೆರಿಗೆಯ ಮಾತಿಗೆ ಒಂದು ಲಂಡನ್ ಪುರಾಣ. ಸೇಂಟ್ ಜಾನ್ಸ್ ವುಡ್‌ನ ಅಬ್ಬೆ ರೋಡ್ ಸ್ಟುಡಿಯೋ 1931ರಲ್ಲಿ ಶುರುವಾದದ್ದು. 1966ರ ಏಪ್ರಿಲ್‌ನಲ್ಲಿ ಬೀಟಲ್ಸ್ ಅಲ್ಲಿ 'ರಿವಾಲ್ವರ್' ಆಲ್ಬಮ್ ಆರಂಭಿಸಿದಾಗ ಧ್ವನಿ ಎಂಜಿನಿಯರ್ ಜೆಫ್ ಎಮೆರಿಕ್‌ಗೆ ಇಪ್ಪತ್ತೇ ವರ್ಷ. ಆತ ಮೈಕನ್ನು ಡ್ರಮ್ಮಿನ ಹತ್ತಿರಕ್ಕೆ ತಂದು, ಆ ಸದ್ದನ್ನು ಫೇರ್‌ಚೈಲ್ಡ್ 660 ಎಂಬ ವಾಲ್ವ್ ಲಿಮಿಟರಿನಲ್ಲಿ ಬಲವಾಗಿ ಹಿಂಡಿದ. ಕಾಪಾಡುವ ಯಂತ್ರವಾಗಿದ್ದ ಕಂಪ್ರೆಸರ್ ಅಲ್ಲಿ ಒಂದು ವಾದ್ಯವೇ ಆಯಿತು. ಅದೇ ಆಲ್ಬಮ್ಮಿನ ಮೊದಲ ಹಾಡು 'ಟ್ಯಾಕ್ಸ್‌ಮನ್', 90 ಶೇಕಡಾ ಮೀರಿದ್ದ ಅಂದಿನ ತೆರಿಗೆಯ ಮೇಲೆ ಜಾರ್ಜ್ ಹ್ಯಾರಿಸನ್ ಬರೆದ ದೂರು. ಕಂಪ್ರೆಸರಿಗೂ ತೆರಿಗೆಗೂ ನಂಟು ಕಟ್ಟಿದವನು ನಾನೊಬ್ಬನೇ ಅಲ್ಲ ಎಂಬ ಸಮಾಧಾನ ನನ್ನದು.

ಇನ್ನು ಪಾಠಗಳ ಗುಣದೋಷ. ಮೂರು ಮುಕ್ಕಾಲು ಪಾಲು ಪಾಠಗಳು ಪಾಪ್, ರಾಕ್, ಹಿಪ್‌ಹಾಪ್ ಮಾಡುವವರಿಗೆ. ಅವರು ಕೊಡುವ ಅಂಕಿಗಳು ಅವರ ಹಾಡಿಗೆ ಸರಿ. ನಮ್ಮ ಭಾವಗೀತೆಗೆ ಹಾಗೇ ಹಾಕಿದರೆ ಏನಾಗುತ್ತದೆ ನೋಡಿ. ತಬಲಾದ ಕಿನಾರಿನ 'ನಾ' ಪೆಟ್ಟಿನ ಜೀವ ಇರುವುದು ಮೊದಲ ಕೆಲವೇ ಮಿಲಿಸೆಕೆಂಡುಗಳಲ್ಲಿ. ಅಟ್ಯಾಕ್ 1 ಮಿಲಿಸೆಕೆಂಡ್ ಇಟ್ಟರೆ ಆ ಪೆಟ್ಟು ಮರದ ಹಲಗೆ ತಟ್ಟಿದಂತಾಗುತ್ತದೆ. 20, 30ಕ್ಕೆ ಬಿಟ್ಟರೆ ಪೆಟ್ಟು ದಾಟಿಕೊಂಡು, ಹಿಂದಿನ ನಾದವಷ್ಟೇ ತಗ್ಗುತ್ತದೆ. ಇನ್ನು ಡಗ್ಗಾದ 'ಘೇ'. ಅದರ ಮಂದ್ರದಲ್ಲಿ ಬಹಳ ಶಕ್ತಿ. ಇಡೀ ಹಾಡಿನ ಮೇಲೆ ಒಂದೇ ಕಂಪ್ರೆಸರ್ ಕೂರಿಸಿದರೆ ಪ್ರತಿ 'ಘೇ'ಗೂ ಯಂತ್ರ ಬೆಚ್ಚಿ ಗಾಯಕಿಯ ಧ್ವನಿಯನ್ನೂ ಅದುಮುತ್ತದೆ. ನೃತ್ಯಸಂಗೀತದಲ್ಲಿ ಈ ಉಬ್ಬು-ತಗ್ಗನ್ನು ಬೇಕೆಂದೇ ಮಾಡುತ್ತಾರೆ, ಕುಣಿಯಲು ಹಿತ. ಕವಿತೆಯ ಸಾಲಿನ ನಡುವೆ ಬಂದರೆ ಯಾರೋ ಬಾಗಿಲು ತೆಗೆದು ಹಾಕಿ ಮಾಡಿದಂತೆ. ಕಂಪ್ರೆಸರಿನ ಕಿವಿಗೆ ಮಂದ್ರ ಕೇಳದಂತೆ ಫಿಲ್ಟರ್ ಹಾಕುವ ಸೌಲಭ್ಯ ಹಲವು ತಂತ್ರಾಂಶಗಳಲ್ಲಿದೆ, ಹುಡುಕಿ ಬಳಸಿ.

ಕನ್ನಡದ ಪ್ರಶ್ನೆ ಇದಕ್ಕಿಂತ ಸೂಕ್ಷ್ಮ. ನಮ್ಮ ಒತ್ತಕ್ಷರ, ಮಹಾಪ್ರಾಣಗಳು ಬಾಯಿಂದ ಹೊರಡುವುದು ಸಣ್ಣ ಸ್ಫೋಟವಾಗಿ. ಅಟ್ಯಾಕ್ ತೀರಾ ವೇಗವಾದರೆ ವ್ಯಂಜನ ಸವೆದು ಸ್ವರ ಮಾತ್ರ ಉಳಿಯುತ್ತದೆ. ಮೇಕಪ್ ಗೇನ್ ಹೆಚ್ಚಾದರೆ ಶ, ಷ, ಸ ಹಾವಿನಂತೆ ಬುಸುಗುಡುತ್ತವೆ. ಪಾಪ್ ಹಾಡಿನಲ್ಲಿ ಒಂದು ಪದ ಮಸುಕಾದರೂ ನಡೆಯುತ್ತದೆ. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ಸಂಗೀತ ಹಾಕಿದ 'ನಿತ್ಯೋತ್ಸವ' ಕ್ಯಾಸೆಟ್ಟಾಗಿ ಮನೆಮನೆಗೆ ಹೋದದ್ದು ಮಾತಿಗಾಗಿ. ಸುಗಮ ಸಂಗೀತದಲ್ಲಿ ಪದ ಕೇಳದಿದ್ದರೆ ಉಳಿಯುವುದೇನು? ನಮ್ಮ ಮಕ್ಕಳು ಈ ಪದಗಳನ್ನು ಕಲಿಯುತ್ತಿರುವುದೂ ಕಿವಿಯಿಂದಲೇ. ಳ-ಲ ವ್ಯತ್ಯಾಸ ಹಾಡಿನಲ್ಲೇ ಮಸುಕಾದರೆ ಶನಿವಾರದ ಕನ್ನಡ ಶಾಲೆಯ ಮೇಷ್ಟ್ರಿಗೆ ಕೆಲಸ ಜಾಸ್ತಿ.

ಪಾಠಗಳಲ್ಲಿ ಇನ್ನೊಂದು ಕಣ್ಕಟ್ಟಿದೆ. "ಮೊದಲು ಹೀಗಿತ್ತು, ಈಗ ಹೀಗಿದೆ" ಎಂದು ತೋರಿಸುವಾಗ ಎರಡನೆಯದು ಹೆಚ್ಚಾಗಿ ಒಂದೆರಡು ಡೆಸಿಬೆಲ್ ಜೋರಾಗಿರುತ್ತದೆ. ಜೋರಾದದ್ದು ನಮಗೆ ತುಂಬಿದಂತೆ ಕೇಳುತ್ತದೆ, ಏಕೆಂದರೆ ಸದ್ದು ತಗ್ಗಿದಾಗ ಮಂದ್ರ ಮತ್ತು ಅತಿ ತಾರ ಕಿವಿಗೆ ಹೆಚ್ಚು ಕಳೆದುಹೋಗುತ್ತವೆ. ಬೆಲ್ ಲ್ಯಾಬ್‌ನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ಪ್ರಕಟಿಸಿದ್ದಾರೆ. ಹಾಗಾಗಿ ಎರಡನ್ನೂ ಒಂದೇ ಮಟ್ಟಕ್ಕೆ ತಂದು ಹೋಲಿಸಬೇಕು. ಬೆಂಗಳೂರಿನ ಸಂಬಳ ರೂಪಾಯಿಯಲ್ಲಿ, ಲಂಡನ್ನಿನದು ಪೌಂಡಿನಲ್ಲಿ ಇಟ್ಟು ಯಾವುದು ದೊಡ್ಡದು ಎಂದು ಯಾವ ಲೆಕ್ಕಿಗನೂ ಕೇಳುವುದಿಲ್ಲ.

ಜೋರಾಗಿಸುವ ಪೈಪೋಟಿಗೆ ಈಗ ಅರ್ಥವೂ ಇಲ್ಲ. ಯುರೋಪಿನ ಪ್ರಸಾರಕರ ಒಕ್ಕೂಟ 2010ರಲ್ಲಿ ಸರಾಸರಿ ಗಟ್ಟಿತನವನ್ನು ಮೈನಸ್ 23 ಎಂದು ನಿಗದಿ ಮಾಡಿತು. ಸ್ಪಾಟಿಫೈ, ಯೂಟ್ಯೂಬ್ ಸುಮಾರು ಮೈನಸ್ 14ರ ಆಸುಪಾಸು. ನೀವು ಮೈನಸ್ 8ಕ್ಕೆ ಹಿಂಡಿ ಕಳಿಸಿದರೆ ಅವರೇ ತಗ್ಗಿಸಿಡುತ್ತಾರೆ. ತಗ್ಗಿದ ಮೇಲೆ ನಿಮ್ಮ ಪಾಲಿಗೆ ಉಳಿಯುವುದು ಹಿಂಡಿದ ಹಿಪ್ಪೆ.

ಈಗ ಮೇಕಪ್ ಗೇನಿನ ಅಪಾಯ. ಹಾಡನ್ನು ಮೇಲೆತ್ತಿದರೆ ಹಾಡಿನ ಹಿಂದಿನದೂ ಮೇಲೇಳುತ್ತದೆ: ಕಮ್ಯುನಿಟಿ ಹಾಲಿನ ಹೀಟರಿನ ಗುಂಯ್, 50 ಹರ್ಟ್ಸ್ ವಿದ್ಯುತ್ತಿನ ಗುನುಗು, ಹೌನ್ಸ್ಲೋದಲ್ಲಿ ಮುದ್ರಿಸಿದರೆ ಹೀಥ್ರೋಗೆ ಇಳಿಯುವ ವಿಮಾನ. ಗಾಯಕಿ ಉಸಿರು ತೆಗೆದುಕೊಳ್ಳುವ ಸಂದಿನಲ್ಲಿ ಶ್ರುತಿಪೆಟ್ಟಿಗೆ ಏಕಾಏಕಿ ಉಬ್ಬಿ ಬಂದು, ಆಕೆ ಹಾಡಿದೊಡನೆ ಅಡಗುತ್ತದೆ. ರಿಲೀಸನ್ನು ನಿಧಾನ ಮಾಡಿದರೆ ಇದು ಕಡಿಮೆಯಾಗುತ್ತದೆ. ಅದಕ್ಕಿಂತ ಒಳ್ಳೆಯದು, ಒಂದೇ ಯಂತ್ರದಿಂದ 9 ಡೆಸಿಬೆಲ್ ಕೀಳುವ ಬದಲು ಎರಡರಿಂದ ಮೂರು ಮೂರು ಮಾತ್ರ ತೆಗೆಯುವುದು. ಅದಕ್ಕೂ ಒಳ್ಳೆಯದು, ಮೊದಲು ಕೈಯಿಂದಲೇ ಸಾಲುಸಾಲಿಗೆ ಮಟ್ಟ ಏರಿಸಿ ಇಳಿಸಿ, ಯಂತ್ರಕ್ಕೆ ಕೊನೆಯ ಸ್ವಲ್ಪ ಬಿಡುವುದು. ಬೇಸರದ ಕೆಲಸ, ಲೆಡ್ಜರ್ ಟಿಕ್ ಹಾಕಿದ ಹಾಗೆ. ಆದರೆ ಆಡಾಸಿಟಿಯಂಥ ಉಚಿತ ತಂತ್ರಾಂಶದಲ್ಲೂ ಆಗುತ್ತದೆ, ಸಾವಿರ ಪೌಂಡಿನ ಸಾಮಾನು ಬೇಡ.

ಇಷ್ಟೆಲ್ಲ ನಿಮಗೆ ಯಾಕೆ? ನಮ್ಮ ಬಳಗದಲ್ಲಿ ಐವತ್ತು ವರ್ಷದ ಹಿಂದೆ ಇಲ್ಲಿಗೆ ಬಂದ ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಅವರ ದನಿ ಇರುವುದು ನಿಮ್ಮ ಫೋನುಗಳಲ್ಲಿ. ಕಳೆದ ವರ್ಷ ಒಬ್ಬ ಹೆಣ್ಣುಮಗಳು ತಮ್ಮ ತಂದೆಯ ಧ್ವನಿಮುದ್ರಣ ತಂದುಕೊಟ್ಟರು. ಎಂಬತ್ತು ದಾಟಿದ ನಿವೃತ್ತ ವೈದ್ಯರು, ಕೇರ್ ಹೋಮಿನ ಹಾಸಿಗೆಯಲ್ಲಿ ತಮ್ಮ ತಾಯಿ ಬೀಸುವಾಗ ಹಾಡುತ್ತಿದ್ದ ಪದವನ್ನು ಹಾಡಿದ್ದರು. ಮೊದಲೆರಡು ಸಾಲು ಗಟ್ಟಿ, ಕೊನೆಯವು ಬರೀ ತುಟಿಯಲ್ಲಿ. ಆ ಸಾಲುಗಳು ಬೇರೆಲ್ಲೂ ಇಲ್ಲ, ಮನೆಯಲ್ಲಿ ಮತ್ತೆ ಯಾರಿಗೂ ಬಾರದು. ಕುಟುಂಬದವರು ವಾಟ್ಸಾಪಿನಲ್ಲಿ ಒಬ್ಬರಿಂದೊಬ್ಬರಿಗೆ ಕಳಿಸಿದ್ದ ಪ್ರತಿಯಲ್ಲಿ ಕೊನೆಯ ಸಾಲು ನೀರೊಳಗಿನ ಮಾತಿನಂತಿತ್ತು. ಅದೃಷ್ಟಕ್ಕೆ ಮೂಲ ಕಡತ ಅವರ ಫೋನಿನಲ್ಲಿ ಉಳಿದಿತ್ತು. ನೀವೂ ಹೀಗೆ ಯಾವುದನ್ನಾದರೂ ಕಳಿಸುವುದಾದರೆ ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಿ, ಮೂಲವನ್ನು ಅಳಿಸಬೇಡಿ, ತಿದ್ದುವಾಗ ಪ್ರತಿಯ ಮೇಲೆ ಮಾತ್ರ ತಿದ್ದಿ.

ಮೂಲವನ್ನು ಪ್ರತಿ ಮಾಡಿಕೊಂಡು, ಕೊನೆಯ ನಾಲ್ಕು ಸಾಲನ್ನು ಕೈಯಿಂದ 8 ಡೆಸಿಬೆಲ್ ಎತ್ತಿದೆ. ಮೇಲೆ 2ಕ್ಕೆ 1ರ ಸಣ್ಣ ಕಂಪ್ರೆಷನ್, ನಿಧಾನದ ಅಟ್ಯಾಕ್. ಪದಗಳು ಬಂದವು. ಜೊತೆಗೆ ಗೋಡೆ ಗಡಿಯಾರದ ಟಿಕ್ ಟಿಕ್, ಸಾಲಿನ ನಡುವೆ ಅವರು ಕಷ್ಟಪಟ್ಟು ಉಸಿರೆಳೆಯುವ ಸದ್ದೂ ಮೇಲೆ ಬಂತು. ಪಾಠಗಳ ಪ್ರಕಾರ ಎರಡನ್ನೂ ಒರೆಸಬೇಕು, ಅದಕ್ಕೆ ಒಂದು ಗುಂಡಿಯೂ ಇದೆ. ನಾನು ಎರಡು ಬಗೆಯಲ್ಲೂ ಮಾಡಿ ಕೇಳಿಸಿದೆ.

"ಗಡಿಯಾರ ತೆಗೆಯಿರಿ," ಎಂದರು ಮಗಳು. "ಅಪ್ಪನ ಉಸಿರು ಇರಲಿ."