ಮೊದಲ ಗೇರ್ ಸೈಕಲ್ಲಿನ ಆಯ್ಕೆ: ರಸ್ತೆಯದೋ, ಗುಡ್ಡದ್ದೋ?

ಕಾಸರಗೋಡಿನ ನೆಲ ಒಂದೇ ಬಗೆಯದಲ್ಲ. ಮಂಜೇಶ್ವರದಿಂದ ಕುಂಬಳೆ, ಕಾಸರಗೋಡುಗಳನ್ನು ದಾಟಿ ತೆಂಕಣಕ್ಕೆ ಸಾಗುವ ರಾಷ್ಟ್ರೀಯ ಹೆದ್ದಾರಿ 66 ಕಡಲಿಗೆ ಹತ್ತಿರದಲ್ಲಿದೆ. ಅಲ್ಲಿಂದ ಮೂಡಣಕ್ಕೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯಗಳ ಕಡೆಗೆ ತಿರುಗಿದೊಡನೆ ಮುರಕಲ್ಲಿನ ಪದವು, ಅದರ ಅಂಚಿನ ಇಳಿಜಾರು, ತಗ್ಗಿನ ಅಡಿಕೆ ತೋಟ, ಮತ್ತೆ ಏರು, ಹೀಗೆ ದಾರಿ ಅಲೆಯಂತೆ ಏರಿ ಇಳಿಯುತ್ತದೆ. ಇಂತಹ ನೆಲದಲ್ಲಿ ಸೈಕಲ್ ಕೊಳ್ಳಹೊರಟ ವಿದ್ಯಾರ್ಥಿಗೆ ಅಂಗಡಿಯ ಬಣ್ಣವೂ ಜಾಹೀರಾತಿನ ಮಾತೂ ದಾರಿ ತೋರಿಸಲಾರವು. ವರ್ಷವಿಡೀ ಕೂಡಿಟ್ಟ ಹಣದಿಂದ ಕೊಂಡ ಸೈಕಲ್ಲು ಮೂರು ತಿಂಗಳಲ್ಲಿ ಮನೆಯ ಹಿಂದೆ ತುಕ್ಕು ಹಿಡಿದು ನಿಂತರೆ, ಅದಕ್ಕೆ ಸವಾರನ ಸೋಮಾರಿತನಕ್ಕಿಂತ ಆಯ್ಕೆಯ ದೋಷವೇ ಹೆಚ್ಚು ಸಲ ಕಾರಣವಾಗಿರುತ್ತದೆ. ಆದುದರಿಂದ ಆಯ್ಕೆಯ ಹಿಂದಿರುವ ತತ್ತ್ವಗಳನ್ನು ಅರಿಯುವುದು ಅಗತ್ಯ.

ಎರಡು ಕುಲಗಳು

ಇಂದಿನ ಸೈಕಲ್ಲಿನ ಮೂಲರೂಪ 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ರೂಪಿಸಿದ ರೋವರ್ ಸೈಕಲ್ಲು. ಹೆಚ್ಚುಕಡಿಮೆ ಸಮನಾದ ಎರಡು ಚಕ್ರಗಳು, ಹಿಂದಿನ ಚಕ್ರವನ್ನು ತಿರುಗಿಸುವ ಚೈನು, ಇವು ಅಂದಿನಿಂದ ಬದಲಾಗಿಲ್ಲ. 1888ರಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟಯರನ್ನು ಬಳಕೆಗೆ ತಂದ ಮೇಲೆ ಸವಾರಿ ಹಿತಕರವೂ ವೇಗವೂ ಆಯಿತು. ಈ ಮೂಲದಿಂದ ಬೆಳೆದ ಮೊದಲ ಕವಲು ರೋಡ್ ಬೈಕ್. 1903ರಲ್ಲಿ ಆರಂಭವಾದ ಟೂರ್ ದ ಫ್ರಾನ್ಸ್‌ನಂತಹ ಸ್ಪರ್ಧೆಗಳು ಅದನ್ನು ಹಗುರಗೊಳಿಸಿದವು. ಟಗರಿನ ಕೊಂಬಿನಂತೆ ಕೆಳಗೆ ಬಾಗಿದ ಹ್ಯಾಂಡಲ್, 25ರಿಂದ 32 ಮಿಲಿಮೀಟರ್ ಅಗಲದ ಟಯರು, ಮುಂದಕ್ಕೆ ಬಾಗಿದ ಕೂರುವ ಭಂಗಿ ಇದರ ಲಕ್ಷಣಗಳು. ಗಾಳಿಯ ತಡೆಯನ್ನು ತಗ್ಗಿಸುವುದು ಇಲ್ಲಿಯ ಗುರಿ.

ಎರಡನೆಯ ಕವಲು ಮೌಂಟನ್ ಬೈಕ್. ಇದು ಹುಟ್ಟಿದ್ದು 1970ರ ದಶಕದಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯದ ಮರಿನ್ ಕೌಂಟಿಯ ಬೆಟ್ಟಗಳಲ್ಲಿ. ಅಲ್ಲಿನ ಯುವಕರು ದಪ್ಪ ಟಯರಿನ ಹಳೆಯ ಸೈಕಲ್ಲುಗಳನ್ನೇರಿ ಮಣ್ಣಿನ ದಾರಿಯಲ್ಲಿ ಕೆಳಗಿಳಿಯುವ ಪಂದ್ಯ ನಡೆಸುತ್ತಿದ್ದರು. ಆ ಪಂದ್ಯಕ್ಕೆ ‘ರೀಪ್ಯಾಕ್’ ಎಂಬ ಹೆಸರು ಬಂದುದೇ, ಇಳಿಯುವಾಗ ಬ್ರೇಕಿನ ಬಿಸಿಗೆ ಹಬ್ಬಿನೊಳಗಿನ ಗ್ರೀಸು ಸುಟ್ಟುಹೋಗಿ ಪ್ರತಿ ಸಲವೂ ಹೊಸದಾಗಿ ತುಂಬಬೇಕಾಗುತ್ತಿದ್ದುದರಿಂದ. ಜೋ ಬ್ರೀಜ್, ಗ್ಯಾರಿ ಫಿಶರ್, ಟಾಮ್ ರಿಚಿ ಮೊದಲಾದವರು ಈ ಆಟಕ್ಕೆಂದೇ ಗಟ್ಟಿ ಸೈಕಲ್ಲುಗಳನ್ನು ರೂಪಿಸಿದರು. ನೇರ ಹ್ಯಾಂಡಲ್, ಎರಡು ಇಂಚಿನಷ್ಟು ಅಥವಾ ಅದಕ್ಕೂ ಅಗಲವಾದ ಟಯರು, ಏರಿಗೆ ಬೇಕಾದ ಹಗುರ ಗೇರು ಇದರ ಗುರುತುಗಳು.

ಇವೆರಡರ ನಡುವೆ ನಿಲ್ಲುವುದು ಹೈಬ್ರಿಡ್. ರೋಡ್ ಬೈಕಿನ ದೊಡ್ಡ ಚಕ್ರಕ್ಕೆ 35ರಿಂದ 45 ಮಿಲಿಮೀಟರಿನ ಟಯರು, ಮೌಂಟನ್ ಬೈಕಿನ ನೇರ ಹ್ಯಾಂಡಲ್, ಗಟ್ಟಿಯಾದ ಮುಂದಿನ ಫೋರ್ಕು ಇವುಗಳ ಜೋಡಣೆ ಅದು. ದಿನವೂ ಕಾಲೇಜಿಗೆ ಹೋಗಿಬರುವವನಿಗೆ, ವಾರಕ್ಕೊಮ್ಮೆ ಮೂವತ್ತು ನಲವತ್ತು ಕಿಲೋಮೀಟರ್ ಸುತ್ತಬಯಸುವವನಿಗೆ ಬಹುಪಾಲು ಸಂದರ್ಭಗಳಲ್ಲಿ ಇದೇ ತಕ್ಕುದು. ಹೆದ್ದಾರಿಯಲ್ಲಿ ದೂರದ ಸವಾರಿಯೇ ಮುಖ್ಯವಾದರೆ ರೋಡ್ ಬೈಕ್, ಮನೆಯ ದಾರಿಯೇ ಕಲ್ಲುಮಣ್ಣಿನದಾದರೆ ಮೌಂಟನ್ ಬೈಕ್. ಆಯ್ಕೆಯನ್ನು ನಿರ್ಧರಿಸಬೇಕಾದುದು ಸವಾರನು ದಿನನಿತ್ಯ ತುಳಿಯುವ ದಾರಿ. ಎಂದೋ ಒಮ್ಮೆ ಹೋಗಬಯಸುವ ದಾರಿಯಲ್ಲ.

ಗೇರಿನ ಲೆಕ್ಕ

‘21 ಗೇರು’, ‘24 ಗೇರು’ ಎಂಬ ಬರಹ ಕಂಡು ಮರುಳಾಗುವವರು ಹಲವರು. ಮುಂದಿನ ಹಲ್ಲುಚಕ್ರಗಳ ಸಂಖ್ಯೆಯನ್ನು ಹಿಂದಿನವುಗಳ ಸಂಖ್ಯೆಯಿಂದ ಗುಣಿಸಿದರೆ ಆ ಅಂಕೆ ಬರುತ್ತದೆ, ಅಷ್ಟೆ. ಸವಾರನಿಗೆ ಬೇಕಾದುದು ಬೇರೆಯೇ ಲೆಕ್ಕ: ಪೆಡಲು ಒಂದು ಸುತ್ತು ತಿರುಗಿದರೆ ಸೈಕಲ್ಲು ಎಷ್ಟು ದೂರ ಹೋಗುತ್ತದೆ? ಮುಂದಿನ ಹಲ್ಲುಗಳನ್ನು ಹಿಂದಿನ ಹಲ್ಲುಗಳಿಂದ ಭಾಗಿಸಿ, ಚಕ್ರದ ಸುತ್ತಳತೆಯಿಂದ ಗುಣಿಸಿದರೆ ಉತ್ತರ ಸಿಗುತ್ತದೆ.

ಒಂದು ಉದಾಹರಣೆಯನ್ನು ನೋಡಬಹುದು. ಗೇರಿಲ್ಲದ ಸಾದಾ ಸೈಕಲ್ಲಿನಲ್ಲಿ ಮುಂದೆ 44, ಹಿಂದೆ 18 ಹಲ್ಲುಗಳಿದ್ದು, ಚಕ್ರದ ಸುತ್ತಳತೆ 2.2 ಮೀಟರ್ ಎಂದುಕೊಂಡರೆ, ಒಂದು ತುಳಿತಕ್ಕೆ ಅದು ಸುಮಾರು 5.4 ಮೀಟರ್ ಸಾಗುತ್ತದೆ. ಕಡಿದಾದ ಏರಿನಲ್ಲಿ ಗಂಟೆಗೆ 6 ಕಿಲೋಮೀಟರ್, ಅಂದರೆ ನಿಮಿಷಕ್ಕೆ 100 ಮೀಟರ್ ವೇಗವಿದ್ದರೆ, ಕಾಲು ನಿಮಿಷಕ್ಕೆ ಹದಿನೆಂಟು ಹತ್ತೊಂಬತ್ತು ಸುತ್ತು ಮಾತ್ರ ತಿರುಗುತ್ತದೆ. ಅಷ್ಟು ನಿಧಾನವಾಗಿ ತಿರುಗಿಸುವಾಗ ಪ್ರತಿ ತುಳಿತಕ್ಕೂ ಮೈಭಾರವೆಲ್ಲ ಹಾಕಬೇಕು. ಕೊನೆಗೆ ಇಳಿದು ತಳ್ಳಬೇಕು. ಮುಂದೆ 24, ಹಿಂದೆ 28 ಹಲ್ಲಿರುವ ಅಗ್ಗದ ಮೌಂಟನ್ ಬೈಕಿನ ಹಗುರ ಗೇರಿನಲ್ಲಾದರೋ ಒಂದು ಸುತ್ತಿಗೆ ಸುಮಾರು 1.9 ಮೀಟರ್. ಅದೇ ಏರಿನಲ್ಲಿ ಕಾಲು ನಿಮಿಷಕ್ಕೆ ಐವತ್ತಕ್ಕೂ ಹೆಚ್ಚು ಸುತ್ತು ಸಲೀಸಾಗಿ ತಿರುಗುತ್ತದೆ. ಏರುವ ಎತ್ತರವೂ ಅದಕ್ಕೆ ವ್ಯಯವಾಗುವ ಶಕ್ತಿಯೂ ಬದಲಾಗಿಲ್ಲ. ಭಾರವು ಹೆಚ್ಚು ತುಳಿತಗಳಿಗೆ ಹಂಚಿಹೋಗಿದೆ. ಗೇರು ಮಾಡುವ ಕೆಲಸ ಇಷ್ಟೇ, ಆದರೆ ಮೊಣಕಾಲು ಉಳಿಯುವುದು ಇದರಿಂದಲೇ.

ಆರಂಭದ ರೋಡ್ ಬೈಕುಗಳಲ್ಲಿ ಮುಂದೆ 50 ಮತ್ತು 34, ಹಿಂದೆ 11ರಿಂದ 34ರವರೆಗೆ ಹಲ್ಲುಗಳಿರುವ ಜೋಡಣೆ ಏರಿಳಿತದ ನಾಡಿಗೆ ಒಪ್ಪುತ್ತದೆ. ಹಿಂದಿನ ದೊಡ್ಡ ಚಕ್ರ 25 ಅಥವಾ 28 ಹಲ್ಲಿಗೇ ನಿಂತರೆ ಪದವಿನ ಏರುಗಳು ಹೊಸಬನಿಗೆ ಕಷ್ಟವಾಗುತ್ತವೆ. ಆದುದರಿಂದ ಅಂಗಡಿಯಲ್ಲಿ ಕೇಳಬೇಕಾದುದು ಗೇರುಗಳ ಒಟ್ಟು ಸಂಖ್ಯೆಯನ್ನಲ್ಲ, ಅತಿ ಹಗುರವಾದ ಗೇರಿನ ಹಲ್ಲುಗಳನ್ನು. ಗೇರು ಬದಲಿಸುವ ಭಾಗಗಳಲ್ಲಿ ಜಪಾನಿನ ಶಿಮಾನೋ ಕಂಪನಿಯವು ಎಲ್ಲೆಡೆ ದೊರೆಯುತ್ತವೆ. ಅದರ ಟೂರ್ನಿ ಎಂಬುದು ಕೆಳಗಿನ ಮೆಟ್ಟಿಲು. ಮೌಂಟನ್ ಬೈಕುಗಳಲ್ಲಿ ಆಲ್ಟಸ್, ಏಸೆರಾ, ರೋಡ್ ಬೈಕುಗಳಲ್ಲಿ ಕ್ಲಾರಿಸ್, ಸೋರಾ ಅದಕ್ಕಿಂತ ಮೇಲಿನವು.

ಮೈಯಳತೆಗೆ ತಕ್ಕ ಫ್ರೇಮು

ಎಷ್ಟೇ ಒಳ್ಳೆಯ ಸೈಕಲ್ಲಾದರೂ ಅಳತೆ ತಪ್ಪಿದರೆ ಬೆನ್ನುನೋವು, ಕುತ್ತಿಗೆನೋವು ತಪ್ಪುವುದಿಲ್ಲ. ಬರಿಗಾಲಲ್ಲಿ ಗೋಡೆಗೊರಗಿ ನಿಂತು, ತೊಡೆಗಳ ಸಂದಿಗೆ ಒಂದು ಪುಸ್ತಕವನ್ನು ಮೇಲಕ್ಕೆ ಒತ್ತಿ ಹಿಡಿದು, ಅದರ ಮೇಲಂಚಿನಿಂದ ನೆಲದವರೆಗೆ ಅಳೆದರೆ ಕಾಲಿನ ಒಳ ಅಳತೆ ದೊರೆಯುತ್ತದೆ. ಹಳೆಯ ಬಗೆಯ ಸಮತಲ ಕೊಳವೆಯ ರೋಡ್ ಬೈಕಿಗೆ ಈ ಅಳತೆಯ ಸುಮಾರು ಮೂರನೆಯ ಎರಡು ಪಾಲು ಫ್ರೇಮಿನ ಅಳತೆ. 80 ಸೆಂಟಿಮೀಟರ್ ಕಾಲಿಗೆ 52 ಅಥವಾ 53. ಇಂದಿನ ಬಹುಪಾಲು ಫ್ರೇಮುಗಳ ಮೇಲ್ಕೊಳವೆ ಹಿಂದಕ್ಕೆ ಇಳಿಜಾರಾಗಿರುವುದರಿಂದ ತಯಾರಕರು ಕೊಡುವ ಅಳತೆಯ ಪಟ್ಟಿಯನ್ನೂ ನೋಡಲೇಬೇಕು. ಮೇಲ್ಕೊಳವೆಯ ಇಕ್ಕೆಲದಲ್ಲಿ ಕಾಲಿಟ್ಟು ನಿಂತಾಗ ರೋಡ್ ಬೈಕಿನಲ್ಲಿ ಎರಡು ಮೂರು ಸೆಂಟಿಮೀಟರ್, ಮೌಂಟನ್ ಬೈಕಿನಲ್ಲಿ ಅದಕ್ಕಿಂತ ಹೆಚ್ಚು ತೆರಪು ಇರಬೇಕು.

ಸೀಟಿನ ಎತ್ತರಕ್ಕೆ ಸುಲಭವಾದ ಪರೀಕ್ಷೆಯಿದೆ. ಪೆಡಲನ್ನು ಕೆಳಗಿನ ತುದಿಗೆ ತಂದು ಅದರ ಮೇಲೆ ಹಿಮ್ಮಡಿಯನ್ನಿಟ್ಟಾಗ ಕಾಲು ನೆಟ್ಟಗಾಗಬೇಕು. ಅನಂತರ ಪಾದದ ಮುಂಭಾಗದಿಂದ ತುಳಿದಾಗ ಮೊಣಕಾಲು ತುಸು ಬಾಗಿರುತ್ತದೆ. ಕೂತಲ್ಲಿಂದಲೇ ಎರಡು ಪಾದಗಳೂ ನೆಲಕ್ಕೆ ತಾಗಬೇಕೆಂದು ಸೀಟನ್ನು ತಗ್ಗಿಸುವ ರೂಢಿಯೇ ಅನೇಕರ ಮೊಣಕಾಲು ನೋವಿಗೆ ಕಾರಣ.

ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು

ಅಗ್ಗದ ಸೈಕಲ್ಲುಗಳಲ್ಲಿ ಕಣ್ಣು ಸೆಳೆಯುವುದು ಮುಂದೆ ಹಿಂದೆ ಎರಡೂ ಕಡೆ ಇರುವ ಸಸ್ಪೆನ್ಶನ್. ಕಡಿಮೆ ಬೆಲೆಯ ಸಸ್ಪೆನ್ಶನ್ನಿನಲ್ಲಿ ಬರಿಯ ಸ್ಪ್ರಿಂಗು ಇರುತ್ತದೆ, ಅದರ ಕುಣಿತವನ್ನು ಹತೋಟಿಯಲ್ಲಿಡುವ ವ್ಯವಸ್ಥೆ ಇರುವುದಿಲ್ಲ. ಏರಿನಲ್ಲಿ ತುಳಿದ ಬಲದ ಒಂದು ಪಾಲು ಸ್ಪ್ರಿಂಗು ಅದುಮುವುದರಲ್ಲೇ ಕಳೆದುಹೋಗುತ್ತದೆ. ಮೇಲಾಗಿ ತೂಕ ಕಿಲೋಗಟ್ಟಲೆ ಹೆಚ್ಚುತ್ತದೆ. ಅದೇ ಹಣಕ್ಕೆ ಸಿಗುವ ಗಟ್ಟಿ ಫೋರ್ಕಿನ ಸೈಕಲ್ಲಿಗೆ ಅಗಲ ಟಯರು ಹಾಕಿ, ಗಾಳಿಯನ್ನು ತುಸು ಕಡಿಮೆ ಇಟ್ಟರೆ ಹಿತವೂ ಸಿಗುತ್ತದೆ, ಭಾರವೂ ಉಳಿಯುತ್ತದೆ.

ಬ್ರೇಕಿನಲ್ಲಿ ಮಾತ್ರ ಉಳಿತಾಯ ಸಲ್ಲದು. ಈ ಜಿಲ್ಲೆಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ರಿಮ್ಮನ್ನು ಹಿಡಿಯುವ ಬ್ರೇಕು ಒದ್ದೆಯಾದಾಗ ಮೊದಲು ನೀರನ್ನು ಒರೆಸಿ ಆಮೇಲೆ ಹಿಡಿಯುತ್ತದೆ. ಮುರಕಲ್ಲಿನ ಕೆಸರು ಸೇರಿದರೆ ರಿಮ್ಮನ್ನೇ ಸವೆಸುತ್ತದೆ. ಡಿಸ್ಕ್ ಬ್ರೇಕು ನೆಲದಿಂದ ಎತ್ತರದಲ್ಲಿ, ಹಬ್ಬಿನ ಬಳಿ ಇರುವುದರಿಂದ ಮಳೆಗಾಲಕ್ಕೆ ಅನುಕೂಲ. ಕೇಬಲ್ಲಿನ ಡಿಸ್ಕ್ ಬ್ರೇಕನ್ನು ಊರಿನ ಅಂಗಡಿಯಲ್ಲೇ ಸರಿಪಡಿಸಬಹುದು. ಎಣ್ಣೆಯ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಬ್ರೇಕು ಹೆಚ್ಚು ಮೃದು, ಆದರೆ ಕೆಟ್ಟರೆ ತಿಳಿದವರೇ ಬೇಕು. ಮಳೆಯಲ್ಲಿ ಮಡ್‌ಗಾರ್ಡು ಅನಿವಾರ್ಯ. ಅದನ್ನೂ ಕ್ಯಾರಿಯರನ್ನೂ ಬಿಗಿಯಲು ಫ್ರೇಮಿನಲ್ಲಿ ತೂತುಗಳಿವೆಯೇ ಎಂದು ಕೊಳ್ಳುವ ಮೊದಲೇ ನೋಡಬೇಕು.

ಫ್ರೇಮಿನ ವಿಷಯದಲ್ಲಿ ಅಲ್ಯುಮಿನಿಯಂ ಹಗುರ, ತುಕ್ಕು ಹಿಡಿಯದು. ಕಡಲಗಾಳಿಯ ಊರಿಗೆ ಇದೊಂದು ಗುಣ. ಉಕ್ಕು ಭಾರ, ಆದರೆ ಬಾಳಿಕೆಯದು. ಬಣ್ಣ ಕಿತ್ತಲ್ಲಿ ಒಡನೆ ಬಳಿಯಬೇಕು. ಕಾರ್ಬನ್ ಫ್ರೇಮು ಆರಂಭಿಕನಿಗೆ ಅನಗತ್ಯ.

ರಿಪೇರಿಯ ಪ್ರಶ್ನೆ

ಟಯರಿನ ಬದಿಯಲ್ಲಿ 40-622 ಎಂಬಂತಹ ಅಂಕೆ ಅಚ್ಚಾಗಿರುತ್ತದೆ. ಮೊದಲನೆಯದು ಟಯರಿನ ಅಗಲ, ಎರಡನೆಯದು ಟಯರು ಕೂರುವ ರಿಮ್ಮಿನ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. 700ಸಿ ಎಂದೂ 29 ಇಂಚು ಎಂದೂ ಕರೆಯುವ ಚಕ್ರಗಳೆರಡೂ 622, 27.5 ಇಂಚಿನದು 584. ಮೌಂಟನ್ ಬೈಕಿನ 26 ಇಂಚಿನದು 559. ಹೆಸರಿನ ಗೊಂದಲದಲ್ಲಿ ಸಿಕ್ಕದೆ ಈ ಅಂಕೆಯನ್ನು ಹೇಳಿ ಟಯರು ಕೊಂಡರೆ ಮೋಸವಾಗದು. ರೋಡ್ ಬೈಕಿನ ಟ್ಯೂಬಿಗೆ ಸಾಮಾನ್ಯವಾಗಿ ಪ್ರೆಸ್ಟಾ ಎಂಬ ಸಣ್ಣ ವಾಲ್ವಿರುತ್ತದೆ. ಪೆಟ್ರೋಲ್ ಬಂಕಿನ ಗಾಳಿಕೊಳವೆ ಅದಕ್ಕೆ ಕೂರದು. ಕೆಲವೇ ರೂಪಾಯಿಯ ಅಡಾಪ್ಟರೊಂದು ಜೇಬಿನಲ್ಲಿರಬೇಕು. ಮೋಟಾರ್‌ಸೈಕಲ್ಲಿನಂತಹ ಶ್ರೇಡರ್ ವಾಲ್ವಿಗೆ ಈ ತೊಂದರೆಯಿಲ್ಲ.

ಹಳೆಯ ಸೈಕಲ್ಲು ಕೊಳ್ಳುವುದರಲ್ಲಿ ಅಗೌರವವಿಲ್ಲ. ಪರೀಕ್ಷಿಸಿ ಕೊಂಡರೆ ಅದೇ ಹಣಕ್ಕೆ ಒಂದು ಮೆಟ್ಟಿಲು ಮೇಲಿನದು ದೊರೆಯುತ್ತದೆ. ಹ್ಯಾಂಡಲಿನ ಕೆಳಗೆ ಕೊಳವೆಗಳು ಕೂಡುವಲ್ಲಿ ಬಿರುಕಿದೆಯೇ ಎಂದು ನೋಡಬೇಕು. ಚಕ್ರವನ್ನೆತ್ತಿ ತಿರುಗಿಸಿದಾಗ ಓಲಾಡಬಾರದು. ಪೆಡಲಿನ ಕಡ್ಡಿಯನ್ನು ಅಡ್ಡಕ್ಕೆ ಅಲುಗಿಸಿದಾಗ ಸಡಿಲವಿರಬಾರದು. ಚೈನಿನ ಎರಡು ಪಿನ್ನುಗಳ ನಡುವೆ ಅರ್ಧ ಇಂಚು ಅಂತರವಿರುವುದರಿಂದ 24 ಕೊಂಡಿಗಳು ಸರಿಯಾಗಿ 12 ಇಂಚು ಇರಬೇಕು. ಒಂದೂವರೆ ಮಿಲಿಮೀಟರ್ ಹೆಚ್ಚಿದ್ದರೆ ಚೈನು ಬದಲಿಸಬೇಕು. ಮೂರು ಮಿಲಿಮೀಟರ್ ಹೆಚ್ಚಿದ್ದರೆ ಹಲ್ಲುಚಕ್ರಗಳೂ ಸವೆದಿರುವ ಸಂಭವವಿದ್ದು, ಆ ಖರ್ಚನ್ನು ಬೆಲೆಯಿಂದ ಕಳೆಯಬೇಕು. ಮೊದಲ ಖರೀದಿಯ ರಸೀದಿಯನ್ನು ಫ್ರೇಮಿನ ಸಂಖ್ಯೆಯೊಡನೆ ತಾಳೆ ನೋಡಿದರೆ ಕಳವಿನ ಮಾಲು ಕೈಸೇರುವ ಭಯವಿಲ್ಲ.

ಹಣದ ಹಂಚಿಕೆ

ಹೆಸರಾಂತ ಕಂಪನಿಗಳ ಹೊಸ ರೋಡ್ ಬೈಕಿನ ಬೆಲೆ ಸಾಮಾನ್ಯವಾಗಿ 25,000 ರೂಪಾಯಿಯ ಆಸುಪಾಸಿನಿಂದ ಆರಂಭವಾಗುತ್ತದೆ. ಅದಕ್ಕಿಂತ ಬಹಳ ಕಡಿಮೆಗೆ ‘ರೇಸ್ ಸೈಕಲ್’ ಎಂದು ಮಾರುವುದರಲ್ಲಿ ಬಾಗಿದ ಹ್ಯಾಂಡಲೊಂದೇ ರೋಡ್ ಬೈಕಿನದಾಗಿರಬಹುದು. ಕೈಯಲ್ಲಿ 15,000 ರೂಪಾಯಿಯಿದ್ದರೆ ಗಟ್ಟಿ ಫೋರ್ಕಿನ ಹೈಬ್ರಿಡ್ ಒಂದನ್ನು 12,500ರೊಳಗೆ ಹುಡುಕಿ, ಉಳಿದುದನ್ನು ಹೆಲ್ಮೆಟ್ಟು, ಮುಂದಿನ ಬಿಳಿ ದೀಪ, ಹಿಂದಿನ ಕೆಂಪು ದೀಪ, ಬೀಗ, ಪಂಪು, ಪಂಕ್ಚರ್ ಸಾಮಾನುಗಳಿಗೆ ಮೀಸಲಿಡುವುದು ವಿವೇಕ. ಲಾರಿಗಳು ಓಡುವ ಹೆದ್ದಾರಿಯಲ್ಲಿ ಮುಸ್ಸಂಜೆ ಮನೆಗೆ ಮರಳುವವನ ಜೀವ ನಿಂತಿರುವುದು ಗೇರಿನ ಮೇಲಲ್ಲ, ಆ ಕೆಂಪು ದೀಪದ ಮೇಲೆ.

ಹಣ ಕೊಡುವ ಮೊದಲು ಸೈಕಲ್ಲನ್ನು ಅಂಗಡಿಯ ಮುಂದಿನ ಸಮತಟ್ಟು ರಸ್ತೆಯಲ್ಲಷ್ಟೇ ಅಲ್ಲದೆ, ಸಾಧ್ಯವಾದರೆ ಹತ್ತಿರದ ಒಂದು ಏರಿನಲ್ಲಿಯೂ ತುಳಿದು ನೋಡಬೇಕು. ಹಗುರ ಗೇರಿನಲ್ಲಿ ಕೂತಲ್ಲಿಂದಲೇ ಏರು ಮುಗಿಯಬೇಕು. ಇಳಿಯುವಾಗ ಎರಡು ಬೆರಳಿನ ಹಿಡಿತಕ್ಕೆ ಬ್ರೇಕು ನಿಲ್ಲಬೇಕು. ಹದಿನೈದು ನಿಮಿಷದ ಸವಾರಿಯ ಬಳಿಕ ಅಂಗೈ, ಬೆನ್ನು ನೋಯಬಾರದು. ಈ ಮೂರೂ ಸರಿಯಿದ್ದರೆ ಬಣ್ಣ ಯಾವುದಾದರೂ ಆದೀತು.