ಬಿಸಿಲು ಹಿಡಿಯಲು ಹೆಂಚೋ, ಫಲಕವೋ?



ಮಾಡು ಸೋರುತ್ತಿದೆ, ಹೇಗೂ ಹೆಂಚು ಬದಲಿಸಬೇಕು, ಸೌರ ಹೆಂಚನ್ನೇ ಹೊದಿಸಿಬಿಟ್ಟರೆ ಹೇಗೆ ಅಂತ ಕೇಳುವವರಿದ್ದೀರಿ. ಕೇಳಬೇಕಾದ ಪ್ರಶ್ನೆಯೇ. ಆದರೆ ಗಂಟು ಬಿಚ್ಚುವ ಮುನ್ನ ನಾಲ್ಕು ಮಾತು ಕೇಳಿ.

ಸೌರ ಹೆಂಚು ಮಳೆಯನ್ನೂ ತಡೆಯುತ್ತದೆ, ವಿದ್ಯುತ್ತನ್ನೂ ಕೊಡುತ್ತದೆ. ನೋಟಕ್ಕೂ ಚೆಂದ. ಸೌರ ಫಲಕವಾದರೋ ಇರುವ ಮಾಡಿನ ಮೇಲೆ ಚೌಕಟ್ಟಿನಲ್ಲಿ ಕೂರುತ್ತದೆ. ಅದರಡಿ ಗಾಳಿ ಆಡುತ್ತದೆ. ಇದು ಸಣ್ಣ ಮಾತಲ್ಲ. ಸೌರಕೋಶಕ್ಕೆ ಬಿಸಿಲು ಬೇಕು, ಕಾವು ಬೇಡ. ಅದರ ಬಿಸಿ 25 ಡಿಗ್ರಿ ದಾಟಿದರೆ, ಪ್ರತಿ ಡಿಗ್ರಿಗೂ ನೂರಕ್ಕೆ ಸುಮಾರು 0.3ರಿಂದ 0.4ರಷ್ಟು ಶಕ್ತಿ ಕುಂದುತ್ತದೆ. ಮಾಡಿಗೆ ಅಂಟಿಕೊಂಡ ಹೆಂಚು ಹೆಚ್ಚು ಕಾಯುತ್ತದೆ.

ಹೆಂಚಿಗೆ ಖರ್ಚೂ ಜಾಸ್ತಿ, ತಂತಿಯ ಕೂಡಿಕೆಗಳೂ ಜಾಸ್ತಿ. ಒಂದು ಕೆಟ್ಟರೆ ಅದೇ ತಯಾರಕರ, ಅದೇ ಅಳತೆಯ ಹೆಂಚು ಹುಡುಕಬೇಕು. ಫಲಕ ಕೆಟ್ಟರೆ ಬಿಚ್ಚಿ ಬೇರೊಂದು ಕೂಡಿಸಬಹುದು.

1 ಕಿಲೋವ್ಯಾಟ್ ಫಲಕಕ್ಕೆ ಸುಮಾರು 100 ಚದರಡಿ ಜಾಗ ಸಾಕು. ಒಳ್ಳೆಯ ಬಿಸಿಲಿದ್ದರೆ ದಿನಕ್ಕೆ 4 ಯೂನಿಟ್‌ವರೆಗೆ ಸಿಗುತ್ತದೆ. 2024ರ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಹಾಯಧನ ಗೊತ್ತುಮಾಡಿದರು. ಈಗಿನ ನಿಯಮವನ್ನು ವಿದ್ಯುತ್ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.

ನಿಮ್ಮದು ಮಂಗಳೂರು ಹೆಂಚಿನ ಮನೆಯೇ? ಹಾಗಾದರೆ ಚೌಕಟ್ಟಿನ ಭಾರ ಹೆಂಚಿನ ಮೇಲೆ ಬೀಳಬಾರದು. ಕೆಳಗಿನ ಪಕಾಸಿಗೆ ಬಿಗಿಯಬೇಕು. ಮೊದಲು ಪಕಾಸಿಗೆ ಗೆದ್ದಲು ಹತ್ತಿದೆಯೋ ನೋಡಿಸಿ. ತೆಂಗಿನ ನೆರಳು ಬೀಳದ ದಕ್ಷಿಣದ ಇಳಿಜಾರನ್ನೇ ಆರಿಸಿ.

ಹೊಸ ಮನೆ ಕಟ್ಟುವವರು, ಕೈಯಲ್ಲಿ ಹಣವಿದ್ದವರು ಸೌರ ಹೆಂಚಿನ ಯೋಚನೆ ಮಾಡಲಿ. ಉಳಿದವರು ಸೋರುವ ಮಾಡನ್ನು ಮೊದಲು ಸರಿಮಾಡಿಸಿ, ಆಮೇಲೆ ಫಲಕ ಕೂರಿಸುವುದೇ ಲೇಸು.